ಶಾಲೆಯಲ್ಲಿ ಮಗುವನ್ನು ಖೋಲಿಯಲ್ಲಿ ಕೂಡಿ ಹಾಕುತ್ತಿದ್ದರೆ ಏನು ಮಾಡಬೇಕು

ನನ್ನ ಮಗನಿಗೆ 9 ವರ್ಷ. ಆಟಿಸಂ ಇದೆ, ಮಾತು ಕಡಿಮೆ. ನಾವು ಗುಳೇದಗುಡ್ಡದವರು, ಮನೆಯಲ್ಲೇ ಮಗ್ಗ ಇಟ್ಟುಕೊಂಡು ಖಣ ನೇಯುತ್ತೇವೆ. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಅವನು ಬಚ್ಚಲಿಗೆ ಹೋಗಲು ಒಲ್ಲೆ ಅನ್ನತೊಡಗಿದ. ಬಾಗಿಲು ಮುಂದೆ ಮಾಡಿದರೆ ಸಾಕು, ಕಿರುಚುತ್ತಿದ್ದ. "ಖೋಲಿ ಬ್ಯಾಡ, ಖೋಲಿ ಬ್ಯಾಡ" ಅಂತ ಅದೊಂದೇ ಮಾತು. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ತಟ್ಟೆ ಎಸೆಯುತ್ತಾನೆ ಅಂತ ಅವನನ್ನು ಆಟದ ಸಾಮಾನಿನ ಖೋಲಿಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಅದು ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯಬಾರದು.

ಮಾತು ಬಾರದ ಮಗು ಮೈಯಿಂದ ಹೇಳುತ್ತದೆ. ಚಪ್ಪಲಿ ಹಾಕುವಾಗಲೇ ಅಳುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುತ್ತದೆ. ಬೆರಳ ತುದಿ ತರಚಿರುತ್ತದೆ, ಬಾಗಿಲು ಕೆರೆದಿರಬಹುದು. "ಶಾಲೆಯಲ್ಲಿ ಏನಾಯ್ತು?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ನಾನು ಮೊಬೈಲ್‌ನಲ್ಲಿ ಶಾಲೆಯ ಫೋಟೊ ತೆಗೆದೆ: ತರಗತಿ, ನಳ, ಪಡಸಾಲೆ, ಆ ಖೋಲಿ. ಏನೂ ಕೇಳದೆ ಒಂದೊಂದಾಗಿ ತೋರಿಸಿದೆ. ಖೋಲಿಯ ಫೋಟೊ ಬಂದಾಗ ಅವನು ಮೊಬೈಲ್ ಬೋರಲು ಹಾಕಿದ. "ಇಲ್ಲೇ ಹಾಕಿದ್ರಾ?" ಅಂತ ಮಾತ್ರ ನೀವು ಬಾಯಿಗೆ ಮಾತು ಕೊಡಬೇಡಿ. ಮಗು ಸುಮ್ನೆ ಹೂಂ ಅಂದುಬಿಡಬಹುದು. ನೋಡಿದ್ದನ್ನೆಲ್ಲ ಅದೇ ರಾತ್ರಿ ತಾರೀಖು ಹಾಕಿ ಬರೆದಿಡಿ. ಗಾಯ ಇದ್ದರೆ ಫೋಟೊ ತೆಗೆಯಿರಿ.

ಶಾಲೆಗೆ ಹೋದಾಗ ಮೂರೇ ಪ್ರಶ್ನೆ ಕೇಳಿ. ಯಾವ ಖೋಲಿ? ಎಷ್ಟು ಹೊತ್ತು? ಆಗ ಅವನ ಜೊತೆ ಯಾರಿದ್ದರು? ಮೂರನೆಯದಕ್ಕೆ ನನಗೆ ಉತ್ತರ ಸಿಗಲಿಲ್ಲ. ಅಕ್ಕೋರು ಹೇಳಿದ್ದು ಇಷ್ಟು: "ಒಳಗ ಕುಂಡ್ರಿಸಿದ್ರ ಐದು ಮಿನಿಟಿನ್ಯಾಗ ಸುಮ್ನಾಗ್ತಾನ್ರೀ." ಅವರು ಕೆಟ್ಟವರಲ್ಲ. ಒಬ್ಬರೇ ಅಷ್ಟು ಮಕ್ಕಳನ್ನು ನೋಡಬೇಕು. ಆದರೆ ಅವನು ಸುಮ್ಮನಾಗುತ್ತಿದ್ದದ್ದು ಹೆದರಿಕೆಯಿಂದ. ಮರುದಿನ ತಟ್ಟೆ ಮತ್ತೆ ಹಾರುತ್ತಿತ್ತು.

ಹಾಗಾಗಿ ಜಗಳಕ್ಕಿಂತ ಮೊದಲು ಕಾರಣ ಹುಡುಕಿ. ಒಂದು ವಾರ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಮಾಡಿ ಬರೆಯಲು ಅಕ್ಕೋರನ್ನು ಕೇಳಿ: ಮೊದಲು ಏನಿತ್ತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು. ನಮ್ಮ ನೋಟ್‌ಬುಕ್‌ನಲ್ಲಿ ಪ್ರತಿದಿನ ಮೊದಲ ಕಾಲಂ ಒಂದೇ ಆಗಿತ್ತು: ಸ್ಟೀಲ್ ತಟ್ಟೆಗಳ ಸದ್ದು. "ಮನ್ಯಾಗ ಮಗ್ಗದ ಸದ್ದಿನ್ಯಾಗ ನಿದ್ದಿ ಮಾಡ್ತಾನ, ಅವಂಗೇನು ಸದ್ದಿನ ಅಂಜಿಕಿ?" ಅಂತ ಮನೆಯವರೇ ಕೇಳಿದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಮಗ್ಗದ ಲಟಪಟ ಒಂದೇ ಸಮ ಬರುತ್ತದೆ, ಮುಂದಿನ ಬಡಿತ ಯಾವಾಗ ಅಂತ ಅವನಿಗೆ ಗೊತ್ತು. ತಟ್ಟೆ ಯಾವಾಗ ಬೀಳುತ್ತದೋ ಯಾರಿಗೆ ಗೊತ್ತು! ಅವನು ಆ ಸದ್ದಿನಿಂದ ತಪ್ಪಿಸಿಕೊಳ್ಳಲು ತಟ್ಟೆ ಎಸೆಯುತ್ತಿದ್ದ. ಖೋಲಿಗೆ ಹಾಕಿದರೆ ಸದ್ದು ತಪ್ಪುತ್ತಿತ್ತು, ಹೆದರಿಕೆ ಅಂಟುತ್ತಿತ್ತು, ಎಸೆಯುವುದು ಹಾಗೇ ಉಳಿಯುತ್ತಿತ್ತು. ಈಗ ಅವನು ಉಳಿದವರಿಗಿಂತ ಹತ್ತು ನಿಮಿಷ ಮೊದಲು ಪಡಸಾಲೆಯ ತುದಿಯಲ್ಲಿ ಕೂತು ಉಣ್ಣುತ್ತಾನೆ. ಮೂರನೇ ವಾರಕ್ಕೆ ಎಸೆಯುವುದು ಬಹಳ ಕಡಿಮೆಯಾಯಿತು.

ಸದ್ದಿಲ್ಲದ ಮೂಲೆ ಇಂಥ ಮಕ್ಕಳಿಗೆ ಬೇಕು, ಅದನ್ನು ಬೇಡ ಅನ್ನಬೇಡಿ. ಆದರೆ ಬಾಗಿಲು ತೆರೆದಿರಬೇಕು, ದೊಡ್ಡವರೊಬ್ಬರು ಕಣ್ಣಿಗೆ ಕಾಣುತ್ತಿರಬೇಕು, ಬೇಕೆಂದಾಗ ಮಗು ಹೊರಗೆ ಬರಬೇಕು. ಮೂಲೆಗೆ ಹೋಗಬೇಕು ಅಂತ ತೋರಿಸಲು ಅದರ ಕೈಗೆ ಒಂದು ಚಿತ್ರದ ಕಾರ್ಡ್ ಕೊಡಿ. ಚಿಲಕ ಬಿತ್ತೆಂದರೆ ಅದು ಶಿಕ್ಷೆ.

ಇದೆಲ್ಲ ಬಾಯಿಮಾತಿನಲ್ಲಿ ಉಳಿಯಬಾರದು. ಹೆಡ್‌ಮಾಸ್ತರರಿಗೆ ಅರ್ಜಿ ಬರೆಯಿರಿ, ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯು ಮುಚ್ಚಿದ ಜಾಗದಲ್ಲಿ ಕೂಡಿ ಹಾಕುವುದನ್ನೂ ದೈಹಿಕ ಶಿಕ್ಷೆ ಎಂದೇ ಎಣಿಸುತ್ತದೆ. ಅರ್ಜಿಯಲ್ಲಿ ಈ ಎರಡನ್ನೂ ಬರೆಯಿರಿ. ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಮಕ್ಕಳಿಗಾಗಿಯೇ ಇರುವ ಶಿಕ್ಷಕರನ್ನು ಕೇಳಿ, ಶಾಲೆಗೆ ಬಂದು ನೋಡಲಿ. ಆಗಲೂ ನಿಲ್ಲದಿದ್ದರೆ ಎಸ್‌ಡಿಎಂಸಿಗೆ (ಶಾಲೆಯ ಅಭಿವೃದ್ಧಿ ಸಮಿತಿ), ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ದೂರು ಕೊಡಿ. ಮಗುವಿಗೆ ಅಪಾಯ ಅನ್ನಿಸಿದರೆ ಯಾರಿಗೂ ಕಾಯದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ.

ಮನೆಯಲ್ಲಿ "ಖೋಲಿಗೆ ಹಾಕ್ತೀನಿ ನೋಡು" ಅನ್ನುವುದನ್ನು ಅಜ್ಜಿ ಮೊದಲುಗೊಂಡು ಎಲ್ಲರೂ ಬಿಡಬೇಕು. ನಮ್ಮ ಬಚ್ಚಲ ಬಾಗಿಲು ಇನ್ನೂ ಅರ್ಧ ತೆರೆದೇ ಇರುತ್ತದೆ. ಅವನೇ ಒಂದು ದಿನ ಹಾಕಿಕೊಳ್ಳುವವರೆಗೆ ಹಾಗೇ ಇರುತ್ತದೆ.