ಹಿಡಿಯುವ ಕೈಯಿಂದ ಶುರುವಾಗುವ ಲೆಕ್ಕ: ಹ್ಯಾಂಡ್‌ಹೆಲ್ಡ್ ವೈರ್‌ಲೆಸ್ ಸಾಧನಕ್ಕೆ ಅನುಮೋದನೆ ತಂದ ನನ್ನ ಅನುಭವ

ಗೋದಾಮುಗಳಲ್ಲಿ ಬಳಸುವ ಕೈ ಸ್ಕ್ಯಾನರ್‌ಗಳನ್ನು ತಯಾರಿಸುವ ತಂಡದಲ್ಲಿ ನನ್ನದು ಯಾರೂ ಕೇಳಿ ಪಡೆಯದ ಕೆಲಸ. ಯಂತ್ರ ಮಾರಾಟಕ್ಕೆ ಹೋಗುವ ಮುಂಚೆ ಅದು ರೇಡಿಯೋ ನಿಯಮಗಳಿಗೆ ಹೊಂದುತ್ತದೆ ಎಂದು ಪರೀಕ್ಷೆ ಮಾಡಿಸಿ, ಕಾಗದಪತ್ರ ಜೋಡಿಸಿ, ಅನುಮೋದನೆ ತರಬೇಕು. ಮಾರಾಟವಾದ ಮೇಲೆ ಅದನ್ನು ಹೇಗೆ ಹಿಡಿಯಬೇಕು, ಎಲ್ಲಿಗೆ ಒಯ್ಯಬಾರದು ಎಂದು ಬಳಸುವವರಿಗೆ ಬರೆದುಕೊಡಬೇಕು. ವಿನ್ಯಾಸದವರ ಕಣ್ಣಿಗೆ ನಾನು ಅಡ್ಡಗಾಲು ಹಾಕುವವನು, ಮಾರಾಟದವರ ಕಣ್ಣಿಗೆ ತಡ ಮಾಡುವವನು. ಇತ್ತೀಚೆಗೆ ಮುಗಿಸಿದ ಯಂತ್ರದಲ್ಲಿ ವೈಫೈ, ಬ್ಲೂಟೂತ್, 4ಜಿ ಸಾಲದು ಎಂಬಂತೆ ಆರ್‌ಎಫ್‌ಐಡಿ (ಸರಕಿಗೆ ಅಂಟಿಸಿದ ಟ್ಯಾಗನ್ನು ರೇಡಿಯೋ ಅಲೆಯಿಂದ ದೂರದಿಂದಲೇ ಓದುವ) ರೀಡರ್ ಕೂಡ ಇತ್ತು. ಒಂದೇ ಡಬ್ಬಿಯೊಳಗೆ ನಾಲ್ಕು ಟ್ರಾನ್ಸ್‌ಮಿಟರ್. ಅದನ್ನು ದಡ ಮುಟ್ಟಿಸಿದ ಬಗೆ ಇದು.

ಸರ್ಕ್ಯೂಟ್ ನಕ್ಷೆ ನೋಡುವ ಮುಂಚೆ ನಾನೊಂದು ಹಾಳೆ ತುಂಬಿಸುತ್ತೇನೆ. ಇದನ್ನು ಯಾರು ಹಿಡಿಯುತ್ತಾರೆ, ಮೈಯ ಯಾವ ಭಾಗಕ್ಕೆ ತಾಗುತ್ತದೆ, ಆ ಹೊತ್ತಿನಲ್ಲಿ ಯಾವ ಯಾವ ರೇಡಿಯೋ ಒಟ್ಟಿಗೆ ಚಾಲೂ ಇರುತ್ತದೆ ಎಂಬಷ್ಟೇ ಅದರಲ್ಲಿರುತ್ತದೆ. ಈ ಹಾಳೆಯನ್ನು ಮೇಜಿನ ಮುಂದೆ ಕೂತು ತುಂಬಿಸಲಾಗದು. ಕೆಲಸಗಾರರ ಪಕ್ಕ ನಿಂತು ನೋಡಿದರೆ ಕ್ಯಾಟಲಾಗಿನಲ್ಲಿ ಕಾಣದ್ದು ಕಾಣುತ್ತದೆ. ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಬೇಕಾದಾಗ ಸ್ಕ್ಯಾನರ್ ಕಂಕುಳಿಗೆ ಹೋಗುತ್ತದೆ. ಇಲ್ಲವೇ ಸೊಂಟದ ಚೀಲಕ್ಕೆ ಇಳಿಯುತ್ತದೆ, ತಲೆ ಕೆಳಗಾಗಿ, ಆಂಟೆನಾ ತೊಡೆಗೆ ಒತ್ತಿಕೊಂಡು. ಕರೆ ಮಾಡುವ ಸೌಲಭ್ಯ ಇರಬೇಕೇ ಎಂಬುದೂ ಇದೇ ಹಾಳೆಯಲ್ಲಿ ತೀರ್ಮಾನವಾಗಬೇಕು, ಏಕೆಂದರೆ ಕಿವಿಗೆ ಹಿಡಿದು ಮಾತಾಡುವ ಯಂತ್ರವಾದರೆ ತಲೆಯ ಪಕ್ಕದ ಪರೀಕ್ಷೆಗಳೆಲ್ಲ ಸೇರಿಕೊಳ್ಳುತ್ತವೆ. "ಇರಲಿ ಬಿಡಿ, ಫೋನೂ ಆಗುತ್ತೆ" ಅಂದರು ಮಾರಾಟದವರು. ನಾನು ಕಿವಿಯ ಸ್ಪೀಕರ್ ತೆಗೆಸಿ ಸ್ಪೀಕರ್‌ಫೋನ್ ಮಾತ್ರ ಉಳಿಸಿದೆ. ಕೈಗವಸು ಹಾಕಿಕೊಂಡವರು ಅದನ್ನು ಕಿವಿಗೆ ಹಿಡಿಯುವುದು ನನಗಂತೂ ಎಲ್ಲೂ ಕಂಡಿರಲಿಲ್ಲ.

"ಸರ್ಟಿಫೈ ಆದ ಮಾಡ್ಯೂಲ್ ಕೊಂಡರೆ ಮುಗೀತಲ್ಲ?" ಎಂಬ ಪ್ರಶ್ನೆ ಪ್ರತಿ ಯಂತ್ರಕ್ಕೂ ಒಮ್ಮೆ ಬಂದೇ ಬರುತ್ತದೆ. ಮಾಡ್ಯೂಲ್ ಎಂದರೆ ಸಿದ್ಧವಾಗಿ ಸಿಗುವ ರೇಡಿಯೋ ಬಿಡಿಭಾಗ. ಅರ್ಧ ಮುಗಿಯುತ್ತದೆ, ಅಷ್ಟೇ. ಅಮೆರಿಕದ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿಯ ನಿಯಮದಲ್ಲಿ ಮೈಯಿಂದ 20 ಸೆಂಟಿಮೀಟರ್ ಎಂಬುದು ಒಂದು ಗಡಿಗೆರೆ. ಅದಕ್ಕಿಂತ ದೂರವಿರುವ ಟ್ರಾನ್ಸ್‌ಮಿಟರ್‌ಗೆ ಸುತ್ತಲಿನ ಅಲೆಗಳ ತೀವ್ರತೆಯ ಲೆಕ್ಕ ಸಾಕು. ಹತ್ತಿರ ಬಂದರೆ ಮೈ ಎಷ್ಟು ಶಕ್ತಿ ಹೀರುತ್ತದೆ ಎಂಬುದಕ್ಕೇ ಉತ್ತರ ಕೊಡಬೇಕು. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಮಾಡ್ಯೂಲ್‌ಗಳ ಅನುಮೋದನಾ ಪತ್ರದಲ್ಲಿ 20 ಸೆಂಟಿಮೀಟರ್ ಅಂತರ ಕಾಯ್ದುಕೊಳ್ಳಬೇಕು ಎಂಬ ಷರತ್ತು ಇರುತ್ತದೆ. ಗೋಡೆಗೆ ತೂಗುಹಾಕುವ ರೂಟರ್‌ಗೆ ಅದು ಸರಿ. ಅಂಗೈಯಲ್ಲಿ ಹಿಡಿಯುವ ಯಂತ್ರಕ್ಕೆ ಆ ಪತ್ರದ ನೆರಳು ಬೀಳುವುದೇ ಇಲ್ಲ. ಇದರ ಜೊತೆ ಇನ್ನೆರಡು ಷರತ್ತು: ಆಂಟೆನಾ ಅದೇ ಬಗೆಯದಾಗಿದ್ದು ಗೇನ್ (ಅಲೆಯನ್ನು ಒಂದು ದಿಕ್ಕಿಗೆ ಕೇಂದ್ರೀಕರಿಸುವ ಪ್ರಮಾಣ) ಅಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಬೇರೆ ಟ್ರಾನ್ಸ್‌ಮಿಟರ್ ಜೊತೆಗೆ ಇಟ್ಟರೆ ಎರಡರ ಒಟ್ಟು ಪರಿಣಾಮವನ್ನು ಮತ್ತೆ ಲೆಕ್ಕ ಹಾಕಬೇಕು. ನಮ್ಮಲ್ಲಂತೂ ನಾಲ್ಕು. ಹಾಗಾಗಿ ಮಾಡ್ಯೂಲ್ ಆರಿಸುವಾಗ ನಾನು ದರಪಟ್ಟಿಗಿಂತ ಮೊದಲು ಅದರ ಅನುಮೋದನಾ ಪತ್ರದ ಕೊನೆಯ ಟಿಪ್ಪಣಿಗಳನ್ನು ಓದುತ್ತೇನೆ.

ಮೈ ಹೀರುವ ಶಕ್ತಿಯ ಅಳತೆಗೆ ಎಸ್‌ಎಆರ್ ಎನ್ನುತ್ತಾರೆ: ಒಂದು ಕಿಲೋಗ್ರಾಂ ಅಂಗಾಂಶಕ್ಕೆ ಎಷ್ಟು ವ್ಯಾಟ್ ಎಂಬ ಲೆಕ್ಕ. ಅಮೆರಿಕ ಮತ್ತು ಭಾರತದಲ್ಲಿ ಸಾರ್ವಜನಿಕರಿಗೆ 1.6 ವ್ಯಾಟ್ ಮಿತಿ, 1 ಗ್ರಾಂ ಅಂಗಾಂಶದ ಸರಾಸರಿ. ಯುರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ 2 ವ್ಯಾಟ್, 10 ಗ್ರಾಂ ಅಂಗಾಂಶದ ಸರಾಸರಿ. ಎರಡಕ್ಕೂ ಹೆಚ್ಚು ಅಂತರವಿಲ್ಲ ಅಂದುಕೊಳ್ಳಬಾರದು. ಸರಾಸರಿ ತೆಗೆಯುವ ತುಣುಕು ಚಿಕ್ಕದಾದಷ್ಟೂ ಒಂದೇ ಜಾಗದ ತೀವ್ರ ಬಿಂದು ಎದ್ದು ಕಾಣುತ್ತದೆ, ಆದ್ದರಿಂದ 1 ಗ್ರಾಂ ಲೆಕ್ಕ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಬಿಗಿ. ಅಂಗೈ, ಮಣಿಕಟ್ಟಿಗೆ ಎರಡೂ ಕಡೆ 10 ಗ್ರಾಂಗೆ 4 ವ್ಯಾಟ್ ವರೆಗೆ ಅವಕಾಶವಿದೆ. ಹಿಡಿಕೆಯ ಯಂತ್ರಕ್ಕೆ ಇದೊಂದು ವರ. ಆದರೆ ಅದೇ ಯಂತ್ರ ಕಂಕುಳಿಗೆ ಹೋದ ಕ್ಷಣ ಮುಂಡದ ಮಿತಿ ಅನ್ವಯವಾಗುತ್ತದೆ. ಮೊದಲ ಹಾಳೆಯ ಮಹತ್ವ ಇಲ್ಲೇ ಇರುವುದು.

ಲ್ಯಾಬಿನಲ್ಲಿ ನಡೆಯುವ ಪರೀಕ್ಷೆ ನೋಡಲು ವಿಚಿತ್ರವೇ. ಮನುಷ್ಯನ ಆಕಾರದ ಪೊಳ್ಳು ಚಿಪ್ಪನ್ನು ಅಂಗಾತ ಮಲಗಿಸಿ, ಅಂಗಾಂಶದಂತೆಯೇ ವಿದ್ಯುತ್ ಗುಣವಿರುವ ದ್ರವ ತುಂಬಿಸಿರುತ್ತಾರೆ. ಕೆಳಗಿನಿಂದ ಯಂತ್ರವನ್ನು ಒತ್ತಿ ಹಿಡಿದು ಗರಿಷ್ಠ ಶಕ್ತಿಯಲ್ಲಿ ಓಡಿಸುತ್ತಾರೆ. ಮೇಲಿನಿಂದ ರೋಬೋಟ್ ತೋಳು ಒಂದು ಸಪೂರ ಪ್ರೋಬನ್ನು ದ್ರವದೊಳಗೆ ಬಿಂದುವಿನಿಂದ ಬಿಂದುವಿಗೆ ಸರಿಸುತ್ತಾ ವಿದ್ಯುತ್ ಕ್ಷೇತ್ರ ಅಳೆಯುತ್ತದೆ. ಪ್ರತಿ ಬ್ಯಾಂಡ್, ಪ್ರತಿ ಬದಿ, ಪ್ರತಿ ಭಂಗಿಗೂ ಇದೇ ಪುನರಾವರ್ತನೆ. ಲ್ಯಾಬಿನ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ ಆ ತೋಳಿನ ನಿಧಾನ ನೋಡುತ್ತಾ ಕೂರುವುದು ಒಂದು ತಪಸ್ಸು.

ನಮ್ಮ ಕೈಯಲ್ಲಿದ್ದ ಉಪಾಯಗಳು ಕೆಲವೇ. 4ಜಿ ಆಂಟೆನಾವನ್ನು ಅಂಗೈಯಿಂದ ದೂರ, ಮೇಲಿನ ತುದಿಗೆ ಸರಿಸಿದೆವು. ಹಾಗೆ ಮಾಡಿದಾಗ ಕಂಕುಳಿನ ಭಂಗಿಯಲ್ಲಿ ಅದು ಪಕ್ಕೆಲುಬಿಗೆ ಒತ್ತುತ್ತದೆ. ಅದಕ್ಕಾಗಿ ಮೈ ಹತ್ತಿರ ಬಂದದ್ದನ್ನು ಗುರುತಿಸಿ ಶಕ್ತಿ ತಗ್ಗಿಸುವ ಸೆನ್ಸರ್ ಹಾಕಿದೆವು. ಇಂಥ ಸೆನ್ಸರನ್ನು ಲ್ಯಾಬಿನವರು ಸುಮ್ಮನೆ ನಂಬುವುದಿಲ್ಲ. ಅದು ಎಷ್ಟು ದೂರದಲ್ಲಿ ಎಚ್ಚರಗೊಳ್ಳುತ್ತದೆ ಎಂದು ಪ್ರತಿ ಬದಿಯಿಂದಲೂ ಪತ್ತೆ ಮಾಡಿ, ಆ ದೂರಕ್ಕಿಂತ ಒಂದು ಮಿಲಿಮೀಟರ್ ಒಳಗಿಟ್ಟು, ಸೆನ್ಸರ್ ಕೆಲಸ ಮಾಡದಂತೆ ಪೂರ್ಣ ಶಕ್ತಿಯಲ್ಲಿ ಅಳೆಯುತ್ತಾರೆ. ನನಗೆ ಈ ಅಪನಂಬಿಕೆ ಇಷ್ಟ.

ಆರ್‌ಎಫ್‌ಐಡಿ ವಿಷಯದಲ್ಲಿ ಜಗಳವೇ ನಡೆಯಿತು: ಶಕ್ತಿ ತಗ್ಗಿಸಬೇಕೆಂದು ನಾನು, ಓದುವ ದೂರ ಕಡಿಮೆಯಾಗುತ್ತದೆಂದು ಮಾರಾಟದವರು. 1 ಡೆಸಿಬೆಲ್ ತಗ್ಗಿಸಿದರೆ ಶಕ್ತಿ ಸುಮಾರು ಐದರಲ್ಲಿ ಒಂದು ಪಾಲು ಇಳಿಯುತ್ತದೆ, 3 ಡೆಸಿಬೆಲ್ ಇಳಿಸಿದರೆ ಅರ್ಧ. ಆದರೆ ಟ್ಯಾಗ್ ಓದುವ ದೂರ ಶಕ್ತಿಯ ವರ್ಗಮೂಲದಂತೆ ಇಳಿಯುವುದರಿಂದ, ಅರ್ಧ ಶಕ್ತಿ ಬಿಟ್ಟುಕೊಟ್ಟರೂ ಕಳೆದುಕೊಳ್ಳುವುದು ಸುಮಾರು ನೂರಕ್ಕೆ 30ರಷ್ಟು ದೂರ ಮಾತ್ರ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಮಾರಾಟದವರ ದನಿ ತುಸು ಇಳಿಯಿತು. ಕೊನೆಗೆ ಒಪ್ಪಿಗೆಯಾದದ್ದು ಎರಡು: ಶಕ್ತಿಯನ್ನು ಸ್ವಲ್ಪ ಇಳಿಸುವುದು, ಟ್ರಿಗರ್ ಒತ್ತಿದಾಗ ಮಾತ್ರ ಅಲೆ ಹೊರಡುವಂತೆ ಮಾಡುವುದು. ಟ್ರಿಗರ್ ಬಿಟ್ಟರೆ ನಿಶ್ಶಬ್ದ. ಕಂಕುಳಿನ ಚಿಂತೆ ಆ ಮಟ್ಟಿಗೆ ಕಳೆಯಿತು, ಬ್ಯಾಟರಿಯೂ ಹೆಚ್ಚು ಹೊತ್ತು ಬಂತು.

ಎಸ್‌ಎಆರ್ ಸಂಖ್ಯೆ ನೋಡಿ ಎರಡು ಫೋನು ಹೋಲಿಸುವವರಿಗೆ ಒಂದು ಮಾತು. ಆ ಸಂಖ್ಯೆ ಗರಿಷ್ಠ ಶಕ್ತಿಯ, ಅತಿ ಕೆಟ್ಟ ಭಂಗಿಯದು. ನಿತ್ಯದ ಬಳಕೆಯಲ್ಲಿ ಟವರ್ ಚೆನ್ನಾಗಿ ಸಿಕ್ಕರೆ ಫೋನು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಗಾಗಿ 1.2 ಇರುವುದಕ್ಕಿಂತ 0.8 ಇರುವುದು ನಿಮ್ಮ ಕೈಯಲ್ಲೂ ಕಡಿಮೆಯೇ ಎನ್ನಲಾಗದು. ಮಿತಿಗಳ ಹಿಂದಿನ ತರ್ಕ ಮೈ ಬಿಸಿಯಾಗುವುದಕ್ಕೆ ಸಂಬಂಧಿಸಿದ್ದು: ಇಡೀ ದೇಹಕ್ಕೆ ಕಿಲೋಗ್ರಾಂಗೆ 4 ವ್ಯಾಟ್ ಎಂಬ ಮಟ್ಟವನ್ನು ಆಧಾರವಾಗಿಟ್ಟು, ಸಾರ್ವಜನಿಕರಿಗೆ ಅದರ 50ರಲ್ಲಿ ಒಂದು ಪಾಲು, ಅಂದರೆ 0.08 ವ್ಯಾಟ್ ಇಟ್ಟಿದ್ದಾರೆ. ಕ್ಯಾನ್ಸರ್ ಬರುತ್ತದೆಯೇ ಎಂದು ಕೆಲಸಗಾರರು ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ಅಲೆಗಳನ್ನು 'ಸಾಧ್ಯತೆ ಇದ್ದರೂ ಇರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಜೊತೆಗೆ, ದೂರ ಹೆಚ್ಚಿದಂತೆ ಅಲೆ ಬೇಗ ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಸೊಂಟದ ಚೀಲದಲ್ಲಿಡುವಾಗ ನಾವು ಕೊಟ್ಟ ದಪ್ಪ ಪ್ಯಾಡನ್ನು ಕಿತ್ತುಹಾಕಬೇಡಿ ಎಂದೂ ಹೇಳುತ್ತೇನೆ. ಆ ಪ್ಯಾಡಿನ ದಪ್ಪವೂ ಪರೀಕ್ಷೆಯ ಭಾಗ.

ಇನ್ನು ದೇಶಗಳ ವಿಷಯ. ಆರ್‌ಎಫ್‌ಐಡಿಗೆ ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್. ಯುರೋಪ್, ಭಾರತಗಳಲ್ಲಿ 865ರ ಆಸುಪಾಸು. ಅಮೆರಿಕದ ಸೆಟ್ಟಿಂಗಿನ ಯಂತ್ರವನ್ನು ಯುರೋಪಿನಲ್ಲಿ ಚಾಲೂ ಮಾಡಿದರೆ ಅದು 915 ಮೆಗಾಹರ್ಟ್ಸ್‌ವರೆಗೆ ಮೊಬೈಲ್ ಫೋನುಗಳು ಟವರ್ ಕಡೆಗೆ ಮಾತಾಡುವ ಬ್ಯಾಂಡಿನ ಮೇಲೆಯೇ ಕೂರುತ್ತದೆ. ದೂರದ ಫೋನುಗಳ ಕ್ಷೀಣ ದನಿಗೆ ಕಿವಿಗೊಟ್ಟು ಕೂತ ಟವರಿಗೆ ಪಕ್ಕದಲ್ಲೇ ತಮಟೆ ಬಾರಿಸಿದ ಹಾಗೆ. "ಆ ದೇಶದ ಸೆಟ್ಟಿಂಗ್ ಹಾಕಿದ್ರೆ ಚೆನ್ನಾಗಿ ಓದುತ್ತೆ" ಎಂಬ ಸಲಹೆ ಬಳಕೆದಾರರ ನಡುವೆ ಹರಿದಾಡುತ್ತದೆ. ಅದನ್ನು ತಡೆಯಲು ಎಚ್ಚರಿಕೆಯ ಬರಹ ಸಾಲದು. ದೇಶ ಬದಲಿಸುವ ಮೆನುವನ್ನೇ ತೆಗೆದುಹಾಕಿಸಿದೆ. ಕಾರ್ಖಾನೆಯಲ್ಲಿ ಬೀಗ ಹಾಕಿದ ಫೈಲ್ ಇಲ್ಲದೆ ಅದು ಬದಲಾಗದು. ವೈಫೈಗೂ ಇದೇ ನಿಯಮ: 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ಹವಾಮಾನ ರೇಡಾರ್‌ಗಳೂ ಕೆಲಸ ಮಾಡುತ್ತವೆ, ರೇಡಾರ್ ಸದ್ದು ಕೇಳಿದರೆ ಜಾಗ ಬಿಟ್ಟುಕೊಡಲೇಬೇಕು. ಆ ಭಾಗವನ್ನು ಕೆದಕಲು ನಾನು ಯಾರಿಗೂ ಬಿಡುವುದಿಲ್ಲ.

ಬ್ಯಾಟರಿ ರೇಡಿಯೋ ನಿಯಮದಲ್ಲಿ ಬರುವುದಿಲ್ಲ, ಆದರೂ ನನ್ನ ಮೇಜಿಗೇ ಬಂದು ಬೀಳುತ್ತದೆ. ಸಾಗಾಟಕ್ಕೆ ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯ 38.3ನೇ ವಿಭಾಗದ ಪರೀಕ್ಷೆಗಳು ಬೇಕು: ಎತ್ತರದ ಕಡಿಮೆ ಒತ್ತಡ, ಬಿಸಿ-ತಂಪು, ಕಂಪನ, ಆಘಾತ, ಶಾರ್ಟ್ ಸರ್ಕ್ಯೂಟ್ ಇತ್ಯಾದಿ. ಕೈಯಲ್ಲಿ ಹಿಡಿಯುವ ಯಂತ್ರದ ಬ್ಯಾಟರಿ 5,000 ಎಂಎಎಚ್ ಇದ್ದರೂ 20 ವ್ಯಾಟ್-ಅವರ್ ಒಳಗೇ ಬರುತ್ತದೆ. ವಿಮಾನ ಪ್ರಯಾಣಿಕರಿಗಿರುವ 100ರ ಮಿತಿಗೆ ಎಷ್ಟೋ ಕೆಳಗೆ. ಆದರೂ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಬೇಡ. ಉಬ್ಬಿದ ಬ್ಯಾಟರಿಯನ್ನು ಚುಚ್ಚಿ 'ಗಾಳಿ ತೆಗೆಯುವ' ಜಾಣರಿದ್ದಾರೆ. ಉಬ್ಬಿದ್ದು ಕಂಡರೆ ಚಾರ್ಜ್ ನಿಲ್ಲಿಸಿ, ಸುಡುವ ವಸ್ತುಗಳಿಂದ ದೂರ ಇಟ್ಟು ತಿಳಿಸಿ, ಕೊರಿಯರ್‌ಗೆ ಹಾಕಬೇಡಿ ಎಂದು ದೊಡ್ಡಕ್ಷರದಲ್ಲಿ ಬರೆಸಿದ್ದೇನೆ. ಹಾನಿಯಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವುದು ನಿಷಿದ್ಧ.

ಪೆಟ್ಟಿಗೆಯೊಳಗಿನ ಸುರಕ್ಷತಾ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ ಎಂಬುದು ನನಗೂ ಗೊತ್ತು. ಕಾನೂನಿಗಾಗಿ ಅದು ಇರಲಿ ಎಂದು ಬಿಟ್ಟು, ಚಾರ್ಜಿಂಗ್ ಸ್ಟ್ಯಾಂಡಿನ ಮೇಲೆ ಅಂಟಿಸಲು ಬೇರೆ ಒಂದೇ ಹಾಳೆ ಮಾಡಿದೆ. ಪೇಸ್‌ಮೇಕರ್ ಇದ್ದವರು ಯಂತ್ರವನ್ನು ಅದರಿಂದ 15 ಸೆಂಟಿಮೀಟರ್ ಆಚೆ ಇಡಬೇಕು, ಎದೆಯ ಜೇಬಿಗೆ ಹಾಕಬಾರದು, ಅಯಸ್ಕಾಂತವಿರುವ ಚೀಲವಂತೂ ಬೇಡವೇ ಬೇಡ. ಮೇಲ್ವಿಚಾರಕರು ಹೆಚ್ಚು ಪ್ರಶ್ನೆ ಕೇಳಿದ್ದು ಸ್ಫೋಟದ ಅಪಾಯವಿರುವ ಜಾಗದ ಬಗ್ಗೆ. ಪೆಟ್ರೋಲ್ ಆವಿ ಅಷ್ಟೇ ಅಲ್ಲ, ಹಿಟ್ಟಿನ ಧೂಳೂ ಹೊತ್ತಿಕೊಳ್ಳುತ್ತದೆ. ಅಂಥ ವಲಯಕ್ಕೆ ಎಟೆಕ್ಸ್ (ಯುರೋಪಿನದು) ಅಥವಾ ಐಇಸಿಇಎಕ್ಸ್ (ಅಂತರರಾಷ್ಟ್ರೀಯ) ಎಂಬ ಸ್ಫೋಟ-ಸುರಕ್ಷತೆಯ ಗುರುತಿನ ಸಾಧನವೇ ಬೇಕು. ಸಾಮಾನ್ಯ ಯಂತ್ರವನ್ನು ಆಫ್ ಮಾಡಿ ಒಳಗೆ ಒಯ್ದರೂ ಸರಿಯಲ್ಲ, ಕೆಳಗೆ ಬಿದ್ದು ಬ್ಯಾಟರಿ ಸಡಿಲಾದರೆ ಕಿಡಿ ಹಾರಬಹುದು. ಗುರುತಿರುವ ಸಾಧನದ್ದೂ ಬ್ಯಾಟರಿಯನ್ನು ಒಳಗೆ ಬದಲಿಸಬಾರದು. ಅದರ ಒಂದು ತಿರುಪು ಬದಲಾದರೂ ಗುರುತಿಗೆ ಅರ್ಥವಿಲ್ಲ.

ಗೋದಾಮುಗಳಲ್ಲಿ ವಾಕಿಟಾಕಿಗಳೂ ಇದ್ದವು, ಅವುಗಳ ಸೂಚನೆಗಳನ್ನೂ ನನ್ನಿಂದಲೇ ಬರೆಸಿದರು. ಕೆಲಸದ ವಾಕಿಟಾಕಿಗಳಲ್ಲಿ ಹಲವು ಸಾರ್ವಜನಿಕರ ಮಿತಿಗಲ್ಲ, ತರಬೇತಿ ಪಡೆದ ಕೆಲಸಗಾರರ ಮಿತಿಗೆ ಅನುಮೋದನೆಯಾದವು. ಎಫ್‌ಸಿಸಿ ಲೆಕ್ಕದಲ್ಲಿ ಅದು 8 ವ್ಯಾಟ್, ಸಾರ್ವಜನಿಕರದ್ದರ ಐದು ಪಟ್ಟು. ಹಾಗಾಗಿ ಮುಖದಿಂದ ಎರಡೂವರೆ ಸೆಂಟಿಮೀಟರ್ ದೂರ, ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಬಟನ್ ಒತ್ತಬಾರದು ಎಂಬ ಸೂಚನೆ ಅಲಂಕಾರಕ್ಕೆ ಬರೆದದ್ದಲ್ಲ. ಮನೆಯ ಮಕ್ಕಳಿಗೆ ಆಡಲು ಕೊಡುವ ವಸ್ತುವಂತೂ ಅಲ್ಲ. ಯುರೋಪಿನ ಪರವಾನಗಿರಹಿತ 446 ಮೆಗಾಹರ್ಟ್ಸ್ ಸೆಟ್ಟುಗಳಲ್ಲಿ ಆಂಟೆನಾ ಸೆಟ್ಟಿನ ಭಾಗವಾಗಿಯೇ ಇರಬೇಕು, ಶಕ್ತಿ ಅರ್ಧ ವ್ಯಾಟ್ ದಾಟಬಾರದು. ಉದ್ದದ ಆಂಟೆನಾ ಸಿಕ್ಕಿಸಿದ ಕೂಡಲೇ ಬಳಸುವವರ ಹಕ್ಕು ಹೋಯಿತು.

ಅನುಮೋದನೆ ಬಂದ ಮೇಲೆ ಎಲ್ಲರೂ ಸಿಹಿ ಹಂಚಿ ಮುಂದಿನ ಯಂತ್ರಕ್ಕೆ ಹೋಗುತ್ತಾರೆ. ನನ್ನ ಕೆಲಸದ ದೊಡ್ಡ ಪಾಲು ಆಗ ಶುರು. ಹೊರಕವಚಕ್ಕೆ ಲೋಹದ ಹೊಳಪಿನ ಬಣ್ಣ ಬೇಕಂತೆ: ಆಂಟೆನಾ ಹದ ತಪ್ಪುತ್ತದೆ, ಲ್ಯಾಬಿಗೆ ಹೋಗಬೇಕು. ಬ್ಯಾಟರಿ ಪೂರೈಕೆದಾರ ಬದಲು: ಸಾಗಾಟದ ಪರೀಕ್ಷೆ ಹೊಸದು. ಸಾಫ್ಟ್‌ವೇರ್ ಅಪ್‌ಡೇಟ್: ಶಕ್ತಿಯ ಕೋಷ್ಟಕವಿರುವ ಫೈಲ್ ಬದಲಾಗಿಲ್ಲ ಎಂದು ಹೋಲಿಸಿ ನೋಡಿದ ಮೇಲೆಯೇ ಸಹಿ. ಯುರೋಪಿನ 2014ರ ರೇಡಿಯೋ ಸಾಧನಗಳ ನಿರ್ದೇಶನದ ಪ್ರಕಾರ ತಾಂತ್ರಿಕ ಕಡತವನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ 10 ವರ್ಷ ಕಾಯ್ದಿಡಬೇಕು. 2025ರ ಆಗಸ್ಟ್ 1ರಿಂದ ಇಂಟರ್ನೆಟ್‌ಗೆ ಸೇರುವ ಸಾಧನಗಳಿಗೆ ಸೈಬರ್ ಸುರಕ್ಷತೆಯ ಷರತ್ತುಗಳೂ ಜಾರಿಗೆ ಬಂದಿವೆ.

ಹೊರಗಿನಿಂದ ಯಂತ್ರ ಕೊಳ್ಳುವವರು ಪೂರೈಕೆದಾರರು ಕಳಿಸಿದ ಪಿಡಿಎಫ್ ನೋಡಿ ಸುಮ್ಮನಾಗುತ್ತಾರೆ. ಯುರೋಪಿನ ನಿಯಮಕ್ಕೆ ಹೊಂದುತ್ತದೆ ಎನ್ನುವ ಸಿಇ ಗುರುತು ಯಾವುದೋ ಕಚೇರಿ ಕೊಡುವ ಮುದ್ರೆ ಅಲ್ಲ. ತಯಾರಕರೇ ತಮ್ಮ ಹೊಣೆಯಲ್ಲಿ ಹಾಕಿಕೊಳ್ಳುವುದು, ಆದ್ದರಿಂದ ಅದರ ಹಿಂದಿನ ಘೋಷಣಾ ಪತ್ರವನ್ನೂ ಪರೀಕ್ಷಾ ವರದಿಯನ್ನೂ ಕೇಳಬೇಕು. ಎಫ್‌ಸಿಸಿ ಐಡಿ (ಅನುಮೋದನೆಯ ಗುರುತುಸಂಖ್ಯೆ) ಇದ್ದರೆ ಅವರ ಸಾರ್ವಜನಿಕ ದತ್ತಾಂಶದಲ್ಲಿ ಹುಡುಕಿ, ವರದಿಯ ಜೊತೆಗಿರುವ ಫೋಟೋಗಳನ್ನು ತೆರೆಯುತ್ತೇನೆ. ಬಿಡುಗಡೆ ಮಾಡಿರುವ ಒಳಗಿನ ಫೋಟೋ ಸಿಕ್ಕರೆ ಪೂರೈಕೆದಾರರ ಮಾದರಿಯೊಂದನ್ನು ಬಿಚ್ಚಿ ಪಕ್ಕದಲ್ಲಿಟ್ಟು ಆಂಟೆನಾ ಎಲ್ಲಿದೆ, ಎಷ್ಟಿದೆ, ಕೇಬಲ್ ಯಾವ ಕಡೆ ಹೋಗಿದೆ ಎಂದು ಹೋಲಿಸುತ್ತೇನೆ. ಹೊಂದದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸ್.