ಗಿಡಗಳ ಅಕ್ವೇರಿಯಂ: ಮೀನು ತರುವ ಮುನ್ನ ನೀರು ಪಳಗಲಿ

ಕಲಬುರಗಿಯ ಅಂಗಡಿಗಳಲ್ಲಿ ಗಾಜಿನ ತೊಟ್ಟಿ, ಬಣ್ಣದ ಹರಳು, ಗಾಳಿ ಪಂಪು ಮತ್ತು ಒಂದು ಡಜನ್ ಮೀನುಗಳನ್ನು ಒಟ್ಟಿಗೇ ಕೊಂಡು, ಒಂದೇ ಆಟೋದಲ್ಲಿ ಹೇರಿಕೊಂಡು ಹೋಗುವವರನ್ನು ಪ್ರತಿ ಭಾನುವಾರ ಕಾಣಬಹುದು. ಅವರಲ್ಲಿ ಅನೇಕರು ಮುಂದಿನ ವಾರ ಅದೇ ಅಂಗಡಿಗೆ ಬಂದು ಮೀನುಗಳೆಲ್ಲ ಸತ್ತವೆಂದು ಹೇಳುತ್ತಾರೆ, ಅಂಗಡಿಯವರು ಒಂದು ಶೀಸೆ ನೀಲಿ ಔಷಧಿಯನ್ನೂ ಇನ್ನೊಂದು ಡಜನ್ ಮೀನುಗಳನ್ನೂ ಕೊಟ್ಟು ಕಳಿಸುತ್ತಾರೆ. ಮೀನು ಸಾಯುವುದು ಹೆಚ್ಚಾಗಿ ರೋಗದಿಂದಲ್ಲ, ತನ್ನದೇ ವಿಸರ್ಜನೆಯ ಅಮೋನಿಯಾದಿಂದ. ಗಿಡಗಳಿರುವ, ಹಲವು ಜಾತಿಯ ಸಾಧು ಮೀನುಗಳು ಒಟ್ಟಿಗೆ ಬಾಳುವ ಸಿಹಿನೀರಿನ ತೊಟ್ಟಿಯನ್ನು ನಮ್ಮ ಗಡಸು ನೀರಿನಲ್ಲಿ, ನಮ್ಮ ಬಿಸಿಲಿನಲ್ಲಿಯೂ ಚೆನ್ನಾಗಿ ನಡೆಸಬಹುದು. ಆದರೆ ತೊಟ್ಟಿ ತಂದ ದಿನಕ್ಕೂ ಮೀನು ತರುವ ದಿನಕ್ಕೂ ನಡುವೆ ನಾಲ್ಕರಿಂದ ಆರು ವಾರಗಳ ಅಂತರ ಇರಲೇಬೇಕು.

ತೊಟ್ಟಿ ಮತ್ತು ಜಾಗ

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 85 ಲೀಟರ್ ನೀರು ಹಿಡಿಯುತ್ತದೆ. ಹೊಸಬರು ಇದಕ್ಕಿಂತ ಚಿಕ್ಕದನ್ನು ಕೊಳ್ಳಬಾರದು. ಮೇಜಿನ ಮೇಲಿಡುವ ಗಾಜಿನ ಬುರುಡೆಯಲ್ಲಿ ನೀರು ಎಷ್ಟು ಬೇಗ ಕಾಯುತ್ತದೆಯೋ ಅಷ್ಟೇ ಬೇಗ ಕೆಡುತ್ತದೆ. ನೀರು, ಮಣ್ಣು, ಕಲ್ಲು ಸೇರಿ ತೂಕ ನೂರು ಕೆ.ಜಿ. ದಾಟುವುದರಿಂದ ಸ್ಟ್ಯಾಂಡು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು ಮತ್ತು ಗಾಜಿನ ತಳಕ್ಕೆ ಥರ್ಮಾಕೋಲ್ ಹಾಳೆ ಹಾಸಬೇಕು. ಕಿಟಕಿಯ ಬಿಸಿಲು ಬೀಳುವ ಜಾಗವೂ ಮಾಳಿಗೆಯ ಕೆಳಗಿನ ಕಾಯುವ ಕೋಣೆಯೂ ಬೇಡ. ಮನೆಯಲ್ಲಿ ಕೂಲರ್ ಓಡುವ ಕೋಣೆ ಯಾವುದೋ ಅದೇ ಸರಿಯಾದ ಜಾಗ.

ತಳದ ಮಣ್ಣು

ಬಣ್ಣ ಬಳಿದ ಹರಳುಗಳಲ್ಲಿ ಬೇರಿಗೆ ಬೇಕಾದದ್ದು ಏನೂ ಇಲ್ಲ, ಜೊತೆಗೆ ಕೆಲವು ತಿಂಗಳಲ್ಲಿ ಆ ಬಣ್ಣವೇ ಸಿಪ್ಪೆಯೇಳುತ್ತದೆ. ಸಾವಿರಾರು ರೂಪಾಯಿಯ ಆಮದು ಮಣ್ಣಿನ ಅಗತ್ಯವೂ ಇಲ್ಲ. ಗೊಬ್ಬರ, ಯೂರಿಯಾ ಸೋಕದ ಕೆಂಪು ಮಣ್ಣನ್ನು ಜರಡಿ ಹಿಡಿದು, ಬಕೆಟ್ಟಿನಲ್ಲಿ ನೆನೆಹಾಕಿ, ತೇಲುವ ಕಸವನ್ನು ಬಸಿದು, ಒಂದು ಇಂಚು ದಪ್ಪ ಹರಡಿ, ಅದರ ಮೇಲೆ ಒಂದೂವರೆ ಇಂಚು ದಪ್ಪಕ್ಕೆ ತೊಳೆದ ದಪ್ಪ ಮರಳು ಹಾಕಿದರೆ ಸಾಕು. ಬೀದರ ಕಡೆಯ ಓದುಗರಿಗೆ ಇಲ್ಲಿ ಅನುಕೂಲ ಹೆಚ್ಚು. ಅಲ್ಲಿನ ಜಂಬಿಟ್ಟಿಗೆಯ ಮೊರಂನಲ್ಲಿ ಕಬ್ಬಿಣದ ಅಂಶ ಹೇರಳವಾಗಿರುತ್ತದೆ, ಅದನ್ನು ಪುಡಿ ಮಾಡಿ ಎರಡು ಹಿಡಿ ಬೆರೆಸಿದರೆ ಗಿಡಗಳ ಎಲೆ ಹಳದಿಯಾಗುವುದು ಕಡಿಮೆಯಾಗುತ್ತದೆ. ಇದೇ ಜಂಬಿಟ್ಟಿಗೆಯನ್ನು ವಿದೇಶಿ ಕಂಪನಿಗಳು ಡಬ್ಬಿಗಳಲ್ಲಿ ತುಂಬಿ ಅಕ್ವೇರಿಯಂ ಗೊಬ್ಬರವೆಂದು ಮಾರಿದ್ದುಂಟು.

ಹೊಲದ ಎರೆ ಮಣ್ಣನ್ನು ಮಾತ್ರ ಬಳಸಬೇಡಿ. ಅದು ನೀರಿನಲ್ಲಿ ಉಬ್ಬುತ್ತದೆ, ಒಂದು ಗಿಡ ಕಿತ್ತರೆ ಎದ್ದ ರಾಡಿ ದಿನಗಟ್ಟಲೆ ಕೆಳಗಿಳಿಯುವುದಿಲ್ಲ, ಮೇಲಾಗಿ ಅದರೊಳಗೆ ಸುಣ್ಣದ ಹರಳುಗಳು ಸೇರಿರುತ್ತವೆ. ಅಲಂಕಾರಕ್ಕೆಂದು ಶಹಾಬಾದ ಕಲ್ಲಿನ ತುಂಡುಗಳನ್ನು ಒಳಗಿಡುವವರೂ ಇದೇ ತೊಂದರೆಯನ್ನು ತಂದುಕೊಳ್ಳುತ್ತಾರೆ, ಏಕೆಂದರೆ ಶಹಾಬಾದ ಕಲ್ಲು ಸುಣ್ಣದ ಕಲ್ಲು. ಮಣ್ಣಿನಿಂದ ಏಳುವ ಇಂಗಾಲದ ಡೈಆಕ್ಸೈಡ್ ತಗುಲಿದಂತೆ ಅದು ನಿಧಾನವಾಗಿ ಕರಗಿ, ಮೊದಲೇ ಗಡಸಾದ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಸ್ಟ್ಯಾಂಡಿನ ಮೇಲೆ ಹಾಸಲು ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ, ನೀರಿನೊಳಗೆ ಅದು ಬೇಡ. ಯಾವ ಕಲ್ಲಿನ ಬಗ್ಗೆ ಅನುಮಾನವಿದ್ದರೂ ಮೊಳೆಯಿಂದ ಗೀರಿ, ಎದ್ದ ಪುಡಿಯ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ನೊರೆ ಬಂದರೆ ಸುಣ್ಣವಿದೆ ಎಂದರ್ಥ.

ನೀರು

ಕೊಳವೆಬಾವಿಯ ನೀರು ಗಡಸಾಗಿದ್ದರೆ ಅರ್ಧ ಆರ್‌ಒ ನೀರು, ಅರ್ಧ ಕೊಳವೆಬಾವಿ ನೀರು ಬೆರೆಸುವುದು ಸರಿಯಾದ ಹದ. ಬರೀ ಆರ್‌ಒ ನೀರಿನಲ್ಲಿ ಲವಣಗಳೇ ಇರುವುದಿಲ್ಲವಾದ್ದರಿಂದ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಮಟ್ಟ, ಯಾವಾಗ ಬೇಕಾದರೂ ಕುಸಿಯುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಂತೂ ಮೂಲ ನೀರಿಗಿಂತಲೂ ಗಡಸು. ಉಪ್ಪು ತುಂಬುವ ಸಾಫ್ಟ್‌ನರ್‌ನಿಂದ ಬರುವ ನೀರಿನಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುವುದರಿಂದ ಅದು ಗಿಡಗಳಿಗೆ ಒಗ್ಗದು. ಪಾಲಿಕೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗುವಂತೆ ಗಾಳಿ ಪಂಪು ಹಾಕಿ ಒಂದು ರಾತ್ರಿ ತೆರೆದಿಡಬೇಕು, ಇಲ್ಲವೇ ಅಂಗಡಿಯಲ್ಲಿ ಸಿಗುವ ಹೈಪೋ ಹರಳನ್ನು ಕರಗಿಸಬೇಕು. ಮಣ್ಣು ಏಳದಂತೆ ಮರಳಿನ ಮೇಲೆ ಒಂದು ತಟ್ಟೆ ಇಟ್ಟು, ಅದರ ಮೇಲೆ ನೀರು ಸುರಿಯಿರಿ.

ಗಿಡ, ಬೆಳಕು, ಫಿಲ್ಟರ್

ನಮ್ಮ ನೀರಿಗೆ ವ್ಯಾಲಿಸ್ನೇರಿಯಾದಷ್ಟು ಒಗ್ಗುವ ಗಿಡ ಇನ್ನೊಂದಿಲ್ಲ. ಗಡಸು ನೀರಿನ ಬೈಕಾರ್ಬನೇಟಿನಿಂದಲೇ ಅದು ತನ್ನ ಇಂಗಾಲವನ್ನು ಪಡೆಯಬಲ್ಲದು, ಬಿಸಿಯನ್ನೂ ತಡೆಯುತ್ತದೆ. ಹಿಂಬದಿಗೆ ಅದನ್ನು ಹಾಕಿ, ನಡುವೆ ಕ್ರಿಪ್ಟೋಕೊರೈನ್ ಮತ್ತು ಒಂದು ಅಮೆಜಾನ್ ಸ್ವೋರ್ಡ್ ನೆಡಿ, ಅನುಬಿಯಸ್ ಮತ್ತು ಜಾವಾ ಫರ್ನ್‌ಗಳನ್ನು ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಿ. ಈ ಎರಡರ ಗೆಡ್ಡೆಯಂಥ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆತುಹೋಗುತ್ತದೆ. ಕ್ರಿಪ್ಟೋಕೊರೈನ್ ಹೊಸ ಜಾಗದಲ್ಲಿ ಎಲೆಗಳನ್ನೆಲ್ಲ ಕರಗಿಸಿಕೊಂಡು ಬೋಳಾದರೆ ಗಾಬರಿಯಾಗಿ ಕೀಳಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ಗಿಡಗಳನ್ನು ಮೊದಲ ದಿನವೇ ದಟ್ಟವಾಗಿ ನೆಡಬೇಕು, ಅಲ್ಲೊಂದು ಇಲ್ಲೊಂದು ನೆಟ್ಟ ತೊಟ್ಟಿಯನ್ನು ಪಾಚಿ ಹಿಡಿಯುತ್ತದೆ. ದ್ರವ ಇಂಗಾಲವೆಂದು ಮಾರುವ ಶೀಸೆಗಳಲ್ಲಿ ಇರುವುದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ. ವ್ಯಾಲಿಸ್ನೇರಿಯಾ ಅದಕ್ಕೆ ಕರಗಿಹೋಗುತ್ತದೆ, ಆದ್ದರಿಂದ ಕೊಳ್ಳಬೇಡಿ.

6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಬೆಳಕನ್ನು ಟೈಮರ್‌ಗೆ ಹಾಕಿ ದಿನಕ್ಕೆ ಆರು ಗಂಟೆ ಉರಿಸಿ, ಎರಡು ತಿಂಗಳ ನಂತರ ಎಂಟಕ್ಕೆ ಏರಿಸಬಹುದು. ಫಿಲ್ಟರ್ ಸ್ಪಂಜಿನದಾದರೂ ಸರಿ, ತೊಟ್ಟಿಯ ಅಂಚಿಗೆ ನೇತುಹಾಕುವುದಾದರೂ ಸರಿ. ಮರಳಿನ ಅಡಿಗೆ ಹಾಸುವ ಪ್ಲಾಸ್ಟಿಕ್ ತಟ್ಟೆಯ ಫಿಲ್ಟರ್ ಮಾತ್ರ ಗಿಡದ ತೊಟ್ಟಿಗೆ ಆಗದು. ಯಾವ ಫಿಲ್ಟರ್ ಆದರೂ ಹಗಲೂ ರಾತ್ರಿಯೂ ಓಡಬೇಕು.

ನೀರನ್ನು ಪಳಗಿಸುವುದು

ಇಡೀ ಕೆಲಸದಲ್ಲಿ ಕೆಡುವುದು ಇದೊಂದೇ ಹಂತ. ಮೀನಿನ ಕಿವಿರಿನಿಂದಲೂ ಕೊಳೆತ ಆಹಾರದಿಂದಲೂ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಮೊದಲೆರಡು ವಸ್ತುಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಹಾನಿಕರವಲ್ಲ, ಗಿಡಗಳಿಗೆ ಅದು ಗೊಬ್ಬರ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುತ್ತಿರುವುದಿಲ್ಲ, ಫಿಲ್ಟರಿನ ಸ್ಪಂಜು, ಮರಳು, ಗಾಜುಗಳ ಮೇಲೆ ಅಂಟಿಕೊಂಡು ಬಹಳ ನಿಧಾನವಾಗಿ ಹೆಚ್ಚುತ್ತವೆ. ಹೊಸ ತೊಟ್ಟಿಯಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಭಾಗದಲ್ಲಿ ಅಪಾಯ ಹೆಚ್ಚು ಎನ್ನಲು ಕಾರಣವಿದೆ. ನೀರಿನಲ್ಲಿರುವ ಅಮೋನಿಯಾದಲ್ಲಿ ನಿಜವಾಗಿ ವಿಷವಾಗುವ ಪಾಲು ಪಿಎಚ್ ಮತ್ತು ಉಷ್ಣಾಂಶ ಏರಿದಂತೆ ಏರುತ್ತದೆ, ಪಿಎಚ್ 7ರಿಂದ 8ಕ್ಕೆ ಹೋದರೆ ಆ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ನೀರು ಸಾಮಾನ್ಯವಾಗಿ ಕ್ಷಾರೀಯ, ಬೇಸಿಗೆಯಲ್ಲಿ ಅದು ಕಾಯುತ್ತದೆ ಕೂಡ. ತಂಪು ಊರಿನ ಮೆದು ನೀರಿನಲ್ಲಿ ಮೀನು ತಡೆದುಕೊಳ್ಳುವ ಅಮೋನಿಯಾ ಇಲ್ಲಿ ಅದನ್ನು ಕೊಲ್ಲುತ್ತದೆ.

ಆದ್ದರಿಂದ ಮೀನಿಲ್ಲದ ತೊಟ್ಟಿಗೆ ನಾವೇ ಅಮೋನಿಯಾ ಉಣಿಸಿ ಬ್ಯಾಕ್ಟೀರಿಯಾಗಳನ್ನು ಬೆಳೆಸಬೇಕು. ಇದಕ್ಕೆ ಬೇಕಾದದ್ದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರೂ, ಬಿದರಿ ಸಾಮಾನಿಗೆ ಕೋಟೆಯ ಮಣ್ಣಿನೊಂದಿಗೆ ಬೆರೆಸಿ ಕಪ್ಪೇರಿಸುವ ಕುಶಲಕರ್ಮಿಗಳೂ ಬಳಸುವ ವಸ್ತುವೇ ಇದು. ಆದರೆ ಕಲಾಯಿಗೆ ಮಾರುವ ಗಟ್ಟಿಯಲ್ಲಿ ಬೇರೆ ಲೋಹಗಳ ಬೆರಕೆ ಇರಬಹುದಾದ್ದರಿಂದ, ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಒದಗಿಸುವ ಅಂಗಡಿಯಿಂದ ಶುದ್ಧ ಪುಡಿಯನ್ನೇ ತರಬೇಕು. ಹತ್ತು ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಮಣ್ಣು, ಕಲ್ಲುಗಳ ಜಾಗ ಕಳೆದು ತೊಟ್ಟಿಯಲ್ಲಿ 70 ಲೀಟರ್ ನೀರಿದ್ದರೆ, ಈ ದ್ರಾವಣದ 45 ಮಿ.ಲೀ. ಹಾಕಿದಾಗ ಅಮೋನಿಯಾ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಆಗುತ್ತದೆ. ಅದಕ್ಕಿಂತ ಹೆಚ್ಚು ಹಾಕಿದರೆ ಬೇಗ ಮುಗಿಯುತ್ತದೆ ಎಂಬುದು ತಪ್ಪು ಲೆಕ್ಕ. ಅತಿಯಾದ ಅಮೋನಿಯಾ ಎರಡನೆಯ ಬಗೆಯ ಬ್ಯಾಕ್ಟೀರಿಯಾವನ್ನೇ ತಡೆಯುತ್ತದೆ.

ಪರೀಕ್ಷೆಗೆ ಹನಿ ಹಾಕಿ ಬಣ್ಣ ನೋಡುವ ದ್ರವದ ಕಿಟ್ ಕೊಳ್ಳಿ. ಅದ್ದಿ ತೆಗೆಯುವ ಪಟ್ಟಿಗಳ ಎಷ್ಟೋ ಪ್ಯಾಕೆಟ್ಟುಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ. ಮೊದಲ ವಾರ ಕಿಟ್ಟಿನಲ್ಲಿ ಏನೂ ಬದಲಾಗದು. ಆಮೇಲೆ ಅಮೋನಿಯಾ ಇಳಿಯತೊಡಗಿ, ನೈಟ್ರೈಟ್ ಪರೀಕ್ಷೆಯ ನಳಿಕೆ ಗುಲಾಬಿಯಿಂದ ನೇರಳೆಗೆ ತಿರುಗುತ್ತದೆ. ಅಮೋನಿಯಾ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಅರ್ಧ ಪ್ರಮಾಣ ಹಾಕಿ. ನೈಟ್ರೈಟ್ 5 ಪಿಪಿಎಂ ದಾಟಿದರೆ ಅರ್ಧ ನೀರು ಬದಲಿಸಿ. ಈ ನೇರಳೆ ಬಣ್ಣ ಎರಡು ಮೂರು ವಾರ ಕದಲದೆ ನಿಂತುಬಿಡುವುದುಂಟು, ತಾಳ್ಮೆ ಕೆಡುವುದು ಇಲ್ಲಿಯೇ. ಆನಂತರ ಒಂದು ದಿನ ಅದು ಒಮ್ಮೆಲೇ ತಿಳಿಯಾಗುತ್ತದೆ. ಪೂರ್ತಿ 2 ಪಿಪಿಎಂ ಅಮೋನಿಯಾ ಹಾಕಿದ 24 ಗಂಟೆಗಳ ಒಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದರೆ ನೀರು ಪಳಗಿದೆ ಎಂದು ತಿಳಿಯಬಹುದು. ಮಾರನೆಯ ದಿನ ಇನ್ನೊಮ್ಮೆ ಹಾಕಿ ಅದೇ ಫಲ ಬಂದರೆ ಸಂಶಯವಿಲ್ಲ.

ನಡುವೆ, ನೀರು ತುಂಬಿದ ಎರಡನೆಯ ಅಥವಾ ಮೂರನೆಯ ದಿನ, ತೊಟ್ಟಿ ಹಾಲು ಬೆರೆಸಿದಂತೆ ಬೆಳ್ಳಗಾಗಬಹುದು. ಜನ ಹೆದರಿ ನೀರೆಲ್ಲ ಚೆಲ್ಲಿ, ಫಿಲ್ಟರ್ ಬಿಚ್ಚಿ, ಸ್ಪಂಜನ್ನು ಸೋಪು ಹಾಕಿ ತಿಕ್ಕಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಆ ಬಿಳುಪು ಬೇರೆ ಜಾತಿಯ ಬ್ಯಾಕ್ಟೀರಿಯಾಗಳದು, ಮುಟ್ಟದೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅದೇ ರೀತಿ, ನೀರು ಕನ್ನಡಿಯಂತೆ ತಿಳಿಯಾಗಿದೆ ಎಂಬುದು ಮೀನು ಬಿಡಲು ಆಧಾರವಲ್ಲ, ಅಮೋನಿಯಾಕ್ಕೆ ಬಣ್ಣವಿಲ್ಲ. ನೀಲಿ ಔಷಧಿಯಾದ ಮೆಥಿಲೀನ್ ಬ್ಲೂ ಈ ಬ್ಯಾಕ್ಟೀರಿಯಾಗಳಿಗೂ ಗಿಡಗಳಿಗೂ ಹಾನಿಕರವಾದ್ದರಿಂದ ಅದನ್ನು ಗಿಡದ ತೊಟ್ಟಿಗೆ ಯಾವತ್ತೂ ಹಾಕಬಾರದು.

ನೀರು ಪಳಗಿಸುವುದನ್ನು ನಿಜವಾಗಿ ಬೇಗ ಮುಗಿಸುವ ದಾರಿ ಒಂದೇ. ಪರಿಚಯದವರ ಮನೆಯಲ್ಲಿ ತಿಂಗಳುಗಟ್ಟಲೆ ಆರೋಗ್ಯವಾಗಿ ನಡೆದಿರುವ ತೊಟ್ಟಿಯ ಸ್ಪಂಜಿನ ಒಂದು ತುಂಡನ್ನು, ಒಣಗದಂತೆ ಅದೇ ನೀರಿನ ಚೀಲದಲ್ಲಿ ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಕೆಲಸ ಅರ್ಧಕ್ಕಿಂತ ಕಡಿಮೆ ಸಮಯದಲ್ಲಿ ಆಗುತ್ತದೆ. ಬಿಸಿಲಲ್ಲಿ ಕುಳಿತ ಅಂಗಡಿಯ ಕಪಾಟಿನಿಂದ ತಂದ ಬ್ಯಾಕ್ಟೀರಿಯಾ ಬಾಟಲಿಯನ್ನು ನಂಬುವುದಕ್ಕಿಂತ ಇದು ಮೇಲು. ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಹರಿಯದೆ ನಿಂತ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ, ಆದ್ದರಿಂದ ಫಿಲ್ಟರನ್ನು ಇನ್ವರ್ಟರ್‌ಗೆ ಜೋಡಿಸಿ.

ಮೀನು

ಮುಕ್ಕಾಲು ಪಾಲು ನೀರು ಬದಲಿಸಿದ ಮೇಲೆ ಮೊದಲ ಆರು ಮೀನುಗಳನ್ನು ತನ್ನಿ, ಎರಡು ವಾರ ಬಿಟ್ಟು ಉಳಿದವನ್ನು. ಗಡಸು ನೀರನ್ನು ಪ್ಲಾಟಿ, ಗಪ್ಪಿ, ಮಾಲಿಗಳು ಇಷ್ಟಪಡುತ್ತವೆ. ನಮ್ಮ ದೇಶದ್ದೇ ಆದ ಝೀಬ್ರಾ ಡೇನಿಯೊ ಗುಂಪಿನಲ್ಲಿ ಚುರುಕಾಗಿ ಈಜುತ್ತದೆ. ಈ ತೊಟ್ಟಿಗೆ ಎಂಟು ಡೇನಿಯೊ, ಆರು ಪ್ಲಾಟಿ, ಒಂದು ಜೋಡಿ ಹನಿ ಗೌರಾಮಿ ಸಾಕು. ನಿಯಾನ್ ಟೆಟ್ರಾ ಎಷ್ಟೇ ಚೆಂದವಾಗಿದ್ದರೂ ಮೆದುವಾದ ತಂಪು ನೀರಿನ ಮೀನು, ಕಲಬುರಗಿಯ ಮೇ ತಿಂಗಳು ಅದಕ್ಕಲ್ಲ. ಗೋಲ್ಡ್‌ಫಿಶ್ ಗಿಡಗಳನ್ನು ಕಿತ್ತು ತಿನ್ನುತ್ತದೆ. ಪಾಚಿ ತಿನ್ನುತ್ತದೆಂದು ಕೊಡುವ ಸಕರ್ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಬೆಳೆದ ಮೇಲೆ ಅದನ್ನು ಕಲಬುರಗಿಯ ಅಪ್ಪನ ಕೆರೆಗೆ ಬಿಡುವ ಯೋಚನೆಯನ್ನು ಯಾರೂ ಮಾಡಬಾರದು, ಕೆರೆಯ ಮೀನುಗಳ ಮೇವು ಮತ್ತು ಜಾಗವನ್ನು ಅದು ಕಸಿಯುತ್ತದೆ. ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರು ಬೆರೆಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರನ್ನು ಒಳಗೆ ಸುರಿಯಬೇಡಿ.

ಬೇಸಿಗೆ ಮತ್ತು ನಿತ್ಯದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಸ್ಪಂಜನ್ನು ತಿಂಗಳಿಗೊಮ್ಮೆ ತೊಟ್ಟಿಯಿಂದ ತೆಗೆದ ಅದೇ ನೀರಿನಲ್ಲಿ ಹಿಂಡಿ. ಮಾರ್ಚ್‌ನಿಂದ ಮುಚ್ಚಳ ತೆಗೆದು, ಹಾರುವ ಮೀನು ಹೊರಬೀಳದಂತೆ ಬಲೆ ಕಟ್ಟಿ, ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನಿನ ಗಾಳಿ ಹಾಯಿಸಿದರೆ ನಮ್ಮ ಒಣ ಹವೆಯಲ್ಲಿ ನೀರು ಎರಡು ಮೂರು ಡಿಗ್ರಿ ಸುಲಭವಾಗಿ ತಂಪಾಗುತ್ತದೆ. ಐಸ್ ಗಡ್ಡೆ ಹಾಕುವುದು ಮೀನಿಗೆ ಆಘಾತ ಕೊಡುವ ಕೆಲಸ. ಹೀಗೆ ಆವಿಯಾಗುವುದು ಬರೀ ನೀರು, ಲವಣಗಳು ಒಳಗೇ ಉಳಿಯುತ್ತವೆ. ಆದ್ದರಿಂದ ಕಡಿಮೆಯಾದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ, ಕೊಳವೆಬಾವಿಯ ನೀರು ತುಂಬುತ್ತ ಹೋದರೆ ಬೇಸಿಗೆ ಮುಗಿಯುವಷ್ಟರಲ್ಲಿ ಗಾಜಿನ ಅಂಚಿಗೆ ಬಿಳಿ ಪಟ್ಟೆ ಕಟ್ಟಿ, ನೀರಿನ ಗಡಸುತನ ಮಿತಿ ಮೀರಿರುತ್ತದೆ. ಬೀದರದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ 25 ಡಿಗ್ರಿಗೆ ಹೊಂದಿಸಿದ ಹೀಟರ್ ಬೇಕಾಗುತ್ತದೆ.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮೀನುಗಳು ತಿಂದು ಮುಗಿಸುವಷ್ಟು ಮಾತ್ರ ಮೇವು ಹಾಕಿ. ಜಾತ್ರೆಗೋ ಮದುವೆಗೋ ಊರಿಗೆ ಹೋಗುವವರು ಕರಗುವ ಮೇವಿನ ಬಿಲ್ಲೆಗಳನ್ನು ಹಾಕಿ ಹೋಗಬಾರದು, ಅವು ನೀರನ್ನು ಕೆಡಿಸುತ್ತವೆ. ಬೆಳೆದ ಮೀನುಗಳು ಒಂದು ವಾರ ಉಪವಾಸ ಇರಬಲ್ಲವು. ಅದಕ್ಕೂ ಹೆಚ್ಚು ದಿನವಾದರೆ, ಒಂದು ದಿನ ಬಿಟ್ಟು ಒಂದು ದಿನದ ಮೇವನ್ನು ಚಿಕ್ಕ ಚಿಕ್ಕ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ತಾರೀಖು ಬರೆದು ನೆರೆಮನೆಯವರಿಗೆ ಕೊಡಿ ಮತ್ತು ಮೇವಿನ ಡಬ್ಬಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿ.