ಹಳ್ಳಿಯಲ್ಲಿ ಕೀಟನಾಶಕದ ಅಂಗಡಿ: ಲೈಸೆನ್ಸ್ ಮಾಡಿಸಿದ ನನ್ನ ಅನುಭವ

ಕೀಟನಾಶಕ ಮಾರುವ ಲೈಸೆನ್ಸಿಗೆ ಕಟ್ಟುವ ಶುಲ್ಕ ದೊಡ್ಡದೇನಲ್ಲ. ಆದರೆ ಅದರ ಲೆಕ್ಕ ತಿಳಿಯದೆ ಅರ್ಜಿ ಹಾಕಿದರೆ ಕೃಷಿ ಇಲಾಖೆಯ ಕಚೇರಿಗೆ ನಾಲ್ಕು ಸಲ ಅಲೆಯಬೇಕು. 1971ರ ಕೀಟನಾಶಕ ನಿಯಮಗಳಲ್ಲಿ ಒಂದೊಂದು ಕೀಟನಾಶಕಕ್ಕೆ 500 ರೂಪಾಯಿ, ಗರಿಷ್ಠ 7,500. ಗ್ರಾಮೀಣ ಪ್ರದೇಶದ ಅಂಗಡಿಗೆ ಇದರ ಐದನೇ ಒಂದು ಪಾಲು, ಅಂದರೆ ತಲಾ 100, ಗರಿಷ್ಠ 1,500. ಹದಿನೈದನೇ ಔಷಧಿಗೇ ಮಿತಿ ಮುಟ್ಟುತ್ತದೆ. ಹಾಗಾಗಿ ನಮ್ಮ ಕಡೆಯ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿಗೆ ಬೇಕಾದ ಇಪ್ಪತ್ತೆರಡನ್ನೂ ಮೊದಲ ಅರ್ಜಿಯಲ್ಲೇ ಬರೆದೆ. ಕಟ್ಟಿದ್ದು 1,500 ಮಾತ್ರ. ದಾಸ್ತಾನು ಬೇರೊಂದು ಜಾಗದಲ್ಲಿದ್ದರೆ ಅದಕ್ಕೆ ಪ್ರತ್ಯೇಕ ಶುಲ್ಕ. ಅದಕ್ಕೇ ಅಂಗಡಿಯ ಹಿಂದಿನ ಕೋಣೆಯನ್ನೇ ಗೋದಾಮು ಮಾಡಿಕೊಂಡೆ.

ನಿಜವಾದ ಕೆಲಸ ಇರುವುದು ಪಟ್ಟಿಯಲ್ಲಿ. ಪ್ರತಿ ಔಷಧಿಗೂ ಕಂಪನಿಯ ಪ್ರಿನ್ಸಿಪಲ್ ಸರ್ಟಿಫಿಕೇಟ್, ಅಂದರೆ ನಮ್ಮ ಮಾಲನ್ನು ಈ ಅಂಗಡಿ ಮಾರಬಹುದು ಎಂದು ಕಂಪನಿ ಕೊಡುವ ಪತ್ರ ಬೇಕು. ವ್ಯಾಪಾರಿಗಳ ಬಾಯಲ್ಲಿ ಅದು ‘ಪಿಸಿ’. ಇಮಿಡಾಕ್ಲೋಪ್ರಿಡ್ ಎಂದು ಔಷಧಿಯ ಹೆಸರಷ್ಟೇ ಬರೆದರೆ ಸಾಲದು, ಪ್ರಮಾಣ ಮತ್ತು ರೂಪವೂ ಬೇಕು. ಶೇ. 17.8ರ ದ್ರವ (17.8 ಎಸ್‌ಎಲ್) ಬೇರೆ, ಶೇ. 70ರ ನೀರಿನಲ್ಲಿ ಕದಡುವ ಹರಳು (70 ಡಬ್ಲ್ಯೂಜಿ) ಬೇರೆ. ಪಿಸಿಯಲ್ಲಿ ಹೇಗಿದೆಯೋ ಹಾಗೇ ಅರ್ಜಿಗೆ ಇಳಿಸಬೇಕು. ಪಿಸಿಯ ಅವಧಿ ಮುಗಿದಿರಬಾರದು, ಅದರಲ್ಲಿರುವ ಅಂಗಡಿಯ ಹೆಸರು, ವಿಳಾಸ ಬಾಡಿಗೆ ಕರಾರಿಗೆ ತಾಳೆಯಾಗಬೇಕು. ಕರಾರಿನಲ್ಲಿ ‘ಟ್ರೇಡರ್ಸ್’, ಪಿಸಿಯಲ್ಲಿ ‘ಆಗ್ರೋ ಟ್ರೇಡರ್ಸ್’ ಎಂದಿದ್ದರೂ ಅರ್ಜಿ ವಾಪಸ್ ಬರುತ್ತದೆ. ಹೊಸ ಔಷಧಿ ತರಿಸುವ ಮೊದಲು ಅದನ್ನು ಲೈಸೆನ್ಸಿಗೆ ಸೇರಿಸಿರಬೇಕು. ಕಪಾಟಿನಲ್ಲಿ ಡಬ್ಬಿ ಇದೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದಾದರೆ ಇನ್‌ಸ್ಪೆಕ್ಟರ್ ಮಾರಾಟ ನಿಲ್ಲಿಸುತ್ತಾರೆ.

ವಿದ್ಯಾರ್ಹತೆ: ಕೃಷಿ ಪದವಿ, ಇಲ್ಲವೇ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದ ವಿಜ್ಞಾನ ಪದವಿ, ಇಲ್ಲವೇ ಒಂದು ವರ್ಷದ ಕೃಷಿ ಡಿಪ್ಲೊಮಾ. ಮಾಲೀಕರಿಗೆ ಇಲ್ಲದಿದ್ದರೆ ಇರುವವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಸರ್ಟಿಫಿಕೇಟ್ ಮಾತ್ರ ಬಾಡಿಗೆಗೆ ಪಡೆಯುವವರಿದ್ದಾರೆ, ಅದು ತಪ್ಪು. ಯಾವ ಹುಳಕ್ಕೆ ಯಾವುದು, ಪಂಪಿಗೆ ಎಷ್ಟು ಎಂದು ರೈತ ಕೇಳುವುದು ಕೌಂಟರಿನಲ್ಲಿ ನಿಂತವರನ್ನೇ.

ಜಾಗದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮನುಷ್ಯರಾಗಲಿ ದನಕರುಗಳಾಗಲಿ ತಿನ್ನುವ ವಸ್ತು ಇರುವ ಕಟ್ಟಡದಲ್ಲಿ ಕೀಟನಾಶಕ ಇಡುವಂತಿಲ್ಲ. ಹಳ್ಳಿಯ ಅಂಗಡಿಯಲ್ಲಿ ಹಿಂಡಿ, ಬೂಸಾ ಮೂಟೆ ಮೂಲೆಯಲ್ಲಿ ಬಿದ್ದಿರುವುದು ಮಾಮೂಲು. ಸ್ಥಳ ತನಿಖೆಗೆ ಮೊದಲೇ ಅವನ್ನು ಬೇರೆ ಕಟ್ಟಡಕ್ಕೆ ಸಾಗಿಸಿ.

ಅವಧಿ ಮುಗಿದ ಮಾಲಿಗೆ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದೇನೆ, ಮೇಲೆ ಕೆಂಪು ಬಣ್ಣದಲ್ಲಿ ‘ಮಾರಾಟಕ್ಕಲ್ಲ’ ಎಂದು ಬರೆಸಿ. ಪ್ರತಿ ಡಬ್ಬಿಗೂ ಅದೇ ಮುದ್ರೆ ಒತ್ತಬೇಕು. ‘ನಾಳೆ ಕಂಪನಿಗೆ ವಾಪಸ್ ಕಳಿಸುತ್ತೇನೆ’ ಎಂದು ಒಳ್ಳೆಯ ಮಾಲಿನ ಪಕ್ಕದಲ್ಲೇ ಇಟ್ಟರೆ ಅದು ಮಾರಾಟಕ್ಕಿಟ್ಟಂತೆಯೇ ಲೆಕ್ಕ.

ಇನ್‌ಸ್ಪೆಕ್ಟರ್ ಪರೀಕ್ಷೆಗೆಂದು ಸ್ಯಾಂಪಲ್ ತೆಗೆದಾಗ ಗಾಬರಿ ಬೇಡ. ಅವರು ಅದನ್ನು ಮೂರು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ನಿಮಗೇ ಕೊಡಬೇಕು. ಅದನ್ನು ಬಿಸಿಲು ತಾಗದ ಕಡೆ ಜೋಪಾನವಾಗಿಡಿ. ಪರೀಕ್ಷೆಯ ವರದಿ ವಿರುದ್ಧವಾಗಿ ಬಂದರೆ, ಕೈಗೆ ಸಿಕ್ಕ 28 ದಿನದೊಳಗೆ ಲಿಖಿತವಾಗಿ ಆಕ್ಷೇಪಿಸಬೇಕು. ಲೈಸೆನ್ಸ್ ಇದ್ದವರಿಂದಲೇ ಕೊಂಡಿದ್ದೆ, ಸರಿಯಾಗಿ ಇಟ್ಟಿದ್ದೆ, ಬಂದ ಸ್ಥಿತಿಯಲ್ಲೇ ಮಾರಿದೆ, ದೋಷ ನನಗೆ ತಿಳಿದಿರಲಿಲ್ಲ ಎಂದು ತೋರಿಸಿದರೆ 1968ರ ಕೀಟನಾಶಕ ಕಾಯ್ದೆಯ 30ನೇ ಸೆಕ್ಷನ್ ವ್ಯಾಪಾರಿಗೆ ರಕ್ಷಣೆ ಕೊಡುತ್ತದೆ. ತೋರಿಸಲು ಬೇಕಾದದ್ದು ಬ್ಯಾಚ್ ನಂಬರ್ ಇರುವ ಖರೀದಿ ಬಿಲ್ಲು. ಬ್ಯಾಚ್ ನಂಬರ್ ಬರೆಯದ ಬಿಲ್ಲನ್ನು ನಾನು ಲಾರಿಯವನ ಕೈಯಲ್ಲೇ ವಾಪಸ್ ಕಳಿಸುತ್ತೇನೆ.